ನೆಲಕ್ಕೆ ಬಾಗಿದ ಕಾರು

ಮನುಷ್ಯನು ತನ್ನ ಬಳಕೆಯ ವಸ್ತುವನ್ನು ಬರಿಯ ಬಳಕೆಗೆಂದೇ ಬಿಟ್ಟುಬಿಡುವವನಲ್ಲ. ಆದರೂ ಮೋಟಾರು ಕಾರಿನ ಮೈಯನ್ನು ನೆಲದ ಸಮೀಪಕ್ಕೆ ಇಳಿಸಿ, ಕಾರ್ಖಾನೆಯ ಚಕ್ರಗಳನ್ನು ಕಳಚಿ ಬೇರೆ ಚಕ್ರಗಳನ್ನು ತೊಡಿಸಿ, ಅದರ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವವರನ್ನು ಕಂಡು ನಗುವವರುಂಟು. ಕಾರು ಇರುವುದು ಓಡುವುದಕ್ಕೋ, ನೋಡುವುದಕ್ಕೋ ಎಂದು ಅವರು ಕೇಳುತ್ತಾರೆ. ಇದಕ್ಕೆ ಉತ್ತರ ಅಮೆರಿಕದ ಲಾಸ್ ಏಂಜಲೀಸ್ ನಗರದ ಬೀದಿಗಳಲ್ಲಿದೆ.

ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿಯ ಮೆಕ್ಸಿಕನ್ ಮೂಲದ ತರುಣರು ಹಳೆಯ ಕಾರುಗಳನ್ನು ಕೊಂಡು, ಡಿಕ್ಕಿಯಲ್ಲಿ ಮರಳಿನ ಚೀಲಗಳನ್ನು ಹೇರಿಯೋ ಸ್ಪ್ರಿಂಗುಗಳನ್ನು ಕತ್ತರಿಸಿಯೋ ತಗ್ಗಿಸಿದರು. ಉಳಿದವರು ವೇಗದ ಬೆನ್ನು ಹತ್ತಿದ್ದಾಗ ಇವರು ಮೆಲ್ಲನೆ ಸಾಗುವುದನ್ನೇ ಸೊಗಸೆಂದು ಬಗೆದರು. ಕ್ಯಾಲಿಫೋರ್ನಿಯಾದ ಸರಕಾರಕ್ಕೆ ಇದು ಸೇರಲಿಲ್ಲ. ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ತಳಕ್ಕಿಂತ ಕೆಳಗಿರಕೂಡದೆಂದು 1950ರ ದಶಕದ ಕೊನೆಯಲ್ಲಿ ಅದು ಕಾನೂನು ಮಾಡಿತು. 1959ರಲ್ಲಿ ರಾನ್ ಅಗೀರೆ ಎಂಬಾತನು ಹೈಡ್ರಾಲಿಕ್ ಪಂಪುಗಳನ್ನು ತನ್ನ ಕಾರಿಗೆ ಅಳವಡಿಸಿ, ಬೇಕೆಂದಾಗ ಅದನ್ನು ಏರಿಸುವ, ಇಳಿಸುವ ಉಪಾಯವನ್ನು ಕಂಡುಕೊಂಡನು.

ಸುರಕ್ಷತೆಯ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಬೇಕಾಬಿಟ್ಟಿಯಾಗಿ ಕತ್ತರಿಸಿದ ಸ್ಪ್ರಿಂಗು ಅಪಾಯಕರವೇ. ಆದರೆ ಬಲ್ಲವರ ಕೆಲಸವೇ ಬೇರೆ. ತಗ್ಗಿಸಿದ ಕಾರಿಗೆ ಕೈಗೆ ಸಿಕ್ಕ ಚಕ್ರ ಒಗ್ಗದು. ತುಸು ಹೊರಕ್ಕೆ ಚಾಚಿದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಒಳಕ್ಕೆ ಸರಿದರೆ ಸಸ್ಪೆನ್ಷನ್ನಿಗೆ ತಾಗುತ್ತದೆ. ಅವರಿಗೆ ಪ್ರಿಯವಾದ 13 ಅಂಗುಲದ, 100 ಕಡ್ಡಿಗಳ ಚಕ್ರವನ್ನು ಕೂರಿಸುವುದಕ್ಕೆ ಅಳತೆಯೂ ಬೇಕು, ತಾಳ್ಮೆಯೂ ಬೇಕು. ಹೊಸ ಕಾರು ಕೊಳ್ಳಲಾರದವನು ಹಳೆಯದನ್ನು ಹೀಗೆ ತನ್ನದಾಗಿಸಿಕೊಂಡರೆ ಅದನ್ನು ಬರಿಯ ಶೋಕಿಯೆನ್ನುವುದು ನ್ಯಾಯವಲ್ಲ.

ಛಾಯಾಚಿತ್ರದ ಅರ್ಥವೂ ಇದೇ. ನಿಂತು ತೆಗೆದ ಚಿತ್ರದಲ್ಲಿ ಕಾರಿನ ಮಾಡೇ ಎದ್ದುಕಾಣುತ್ತದೆ. ಮಂಡಿಯೂರಿ ಚಕ್ರದ ಮಟ್ಟಕ್ಕೆ ಕ್ಯಾಮೆರಾ ಇಳಿಸಿದಾಗಲೇ ಚಕ್ರಕ್ಕೂ ಮೈಗೂ ಇರುವ ಹೊಂದಿಕೆ ತೋರುವುದು. 1977ರಲ್ಲಿ ಸ್ಯಾನ್ ಹೋಸೆಯಲ್ಲಿ ಆರಂಭವಾದ ‘ಲೋರೈಡರ್’ ಪತ್ರಿಕೆ ಇಂಥ ಚಿತ್ರಗಳನ್ನು ಅಚ್ಚುಹಾಕಿತು. ಪೊಲೀಸರ ಕಣ್ಣಿಗೆ ತಪ್ಪಿತಸ್ಥರಾಗಿದ್ದವರು ಅಲ್ಲಿ ಕುಶಲಕರ್ಮಿಗಳಾಗಿ ಕಾಣಿಸಿಕೊಂಡರು. ‘ಜಿಪ್ಸಿ ರೋಸ್’ ಎಂಬ ಗುಲಾಬಿ ಚಿತ್ತಾರದ 1964ರ ಇಂಪಾಲಾ ಕಾರನ್ನು 2017ರಲ್ಲಿ ವಾಷಿಂಗ್ಟನ್ನಿನಲ್ಲಿ ಪ್ರದರ್ಶನಕ್ಕಿಟ್ಟರು. ರಿಮ್ಮಿನ ಆ ಹಳೆಯ ನಿರ್ಬಂಧ 2024ರ ಜನವರಿ 1ರಿಂದ ರದ್ದಾಯಿತು.

ಕಾನೂನಿಗೆ ಇಷ್ಟನ್ನು ಕಾಣಲು ಅರುವತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು. ನಗುವ ನಾವಾದರೂ ತುಸು ಬಾಗಿ ನೋಡಬಾರದೆ?