ಗುಡ್ಡದ ಗಣಿಯೂ ತಗ್ಗಿನ ಹೊಲವೂ

ಭೂಮಿಯಿಂದ ಬರುವ ಆದಾಯವು ಎರಡು ಬಗೆಯದು. ಬೆಳೆಯ ಆದಾಯವು ವರ್ಷವರ್ಷಕ್ಕೆ ಮರಳಿ ಬರತಕ್ಕದ್ದು. ಗಣಿಯ ಆದಾಯವು ಒಮ್ಮೆ ಬಂದು ತೀರತಕ್ಕದ್ದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಕಲ್ಲಿದ್ದಲು ದೊರೆಯುವುದಿಲ್ಲ. ಆದರೆ ಕಟ್ಟಡದ ಕಲ್ಲಿಗೂ ಖಡಿಗೂ ಗಿರಾಕಿ ಬೆಳೆದಂತೆ, ಗುಡ್ಡದ ಬದಿಯ ಜಮೀನನ್ನು ಕಲ್ಲುಗಣಿಗೆ ಲಾವಣಿ ಕೊಡಬಹುದೇ ಎಂಬ ಪ್ರಶ್ನೆಯು ಭೂಮಾಲಿಕರ ಮುಂದೆ ಬರುತ್ತದೆ.

ಇದಕ್ಕೆ ಉತ್ತರ ಹೇಳುವ ಮೊದಲು ಈ ಸೀಮೆಯ ನೆಲದ ರಚನೆಯನ್ನು ಲಕ್ಷ್ಯಕ್ಕೆ ತರಬೇಕು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಮಲೆನಾಡನ್ನು ಬಿಟ್ಟು ಮಳೆ ಕಡಿಮೆಯಾದ ಬಯಲುಸೀಮೆಗೆ ಇಳಿದು, ನವಿಲುತೀರ್ಥದ ಕಮರಿಯಲ್ಲಿ ಗಟ್ಟಿ ಕಲ್ಲಿನ ಗುಡ್ಡಗಳನ್ನು ಸೀಳಿಕೊಂಡು ರಾಮದುರ್ಗದತ್ತ ಹರಿಯುತ್ತದೆ. 1972ರಲ್ಲಿ ಆ ಕಮರಿಗೆ ಕಟ್ಟಿದ ಅಣೆಯು ಹೊಲಗಳಿಗೂ, ಹುಬ್ಬಳ್ಳಿ-ಧಾರವಾಡಗಳ ಕುಡಿಯುವ ನೀರಿಗೂ ಆಧಾರವಾಗಿದೆ. ಗುಡ್ಡದ ಹುಲ್ಲು ಮತ್ತು ಕುರುಚಲು ಗಿಡಗಳು ಮಳೆನೀರನ್ನು ತಡೆದು ಕಲ್ಲಿನ ಬಿರುಕುಗಳಲ್ಲಿ ಇಂಗಿಸುತ್ತವೆ; ತಗ್ಗಿನ ಬಾವಿಗಳಿಗೆ ಸೆಲೆ ಒದಗುವುದು ಅದರಿಂದಲೇ. ಗುಡ್ಡವನ್ನು ಬೋಳಿಸಿದರೆ ನೀರು ನಿಲ್ಲದೆ ಓಡುತ್ತದೆ. ಗಣಿಯ ರಾಶಿಮಣ್ಣು ಹಳ್ಳಕ್ಕೆ ಇಳಿದು, ಹೊಲದಲ್ಲಿ ಗರಸಾಗಿಯೂ ಜಲಾಶಯದಲ್ಲಿ ಹೂಳಾಗಿಯೂ ನಿಲ್ಲುತ್ತದೆ. ಗಣಿಯ ಹೊಂಡವು ಬಾವಿಗಳಿಗಿಂತ ಆಳವಾಗಿ, ಅದರ ನೀರನ್ನು ಎತ್ತಿ ಹೊರಚೆಲ್ಲಿದರೆ, ಸುತ್ತಲಿನ ಬಾವಿಗಳ ನೀರು ಕೆಳಗಿಳಿಯುತ್ತದೆ. ಮಳೆ ಹೆಚ್ಚಾದ ಕಿತ್ತೂರಿನ ಕಡೆಗೆ ಮಣ್ಣು ಕೊಚ್ಚುವ ಭಯವು ಹೆಚ್ಚು. ಮಳೆ ಕಡಿಮೆಯಾದ ರಾಮದುರ್ಗದ ಕಡೆಗೆ ನೀರು ಬತ್ತುವ ಭಯವು ಹೆಚ್ಚು.

ಧೂಳಿನ ಹಾನಿಯೂ ಅಲ್ಪವಲ್ಲ. ಮುಂಗಾರಿನಲ್ಲಿ ಎಲೆಯ ಮೇಲಿನ ಧೂಳನ್ನು ಮಳೆಯು ತೊಳೆಯುತ್ತದೆ. ಹಿಂಗಾರಿನ ಜೋಳ, ಕಡಲೆಗಳು ನಿಂತಿರುವಾಗ ಮಳೆ ಇಲ್ಲ; ಮೂಡಣ ಗಾಳಿಯು ಖಡಿಯಂತ್ರದ ಧೂಳನ್ನು ಪಡುವಣ ಹೊಲಗಳ ಮೇಲೆ ಹರಡುತ್ತದೆ. ಧೂಳು ಮುಚ್ಚಿದ ಎಲೆಗೆ ಬಿಸಿಲು ಸಾಲದೆ ಬೆಳೆಯು ಕುಗ್ಗುತ್ತದೆ. ಕಣಿಕೆಯ ಮೇವೂ ಕೆಡುತ್ತದೆ. ಬೆಣಚುಕಲ್ಲಿನ ನುಣ್ಣನೆಯ ಧೂಳು ಕೂಲಿಕಾರರ ಪುಪ್ಪುಸದಲ್ಲಿ ಸೇರಿ ತರುವ ರೋಗಕ್ಕೆ ಪೂರ್ಣ ಗುಣವಿಲ್ಲ.

ಪರದೇಶದ ಒಂದು ನಿದರ್ಶನವು ವಿಚಾರಾರ್ಹವಾಗಿದೆ. ಅಮೇರಿಕದ ಅರಿಜೋನಾ ಸಂಸ್ಥಾನದ ಬ್ಲ್ಯಾಕ್ ಮೇಸಾ ಎಂಬ ಒಣ ಪ್ರಸ್ಥಭೂಮಿಯಲ್ಲಿ ಕಲ್ಲಿದ್ದಲನ್ನು ಪುಡಿ ಮಾಡಿ, ಅಂತರ್ಜಲದಲ್ಲಿ ಕಲಸಿ, ದೂರದ ವಿದ್ಯುದಾಗಾರಕ್ಕೆ ಕೊಳವೆಯಲ್ಲಿ ಸಾಗಿಸುತ್ತಿದ್ದರು. ತಮ್ಮ ಸೆಲೆಗಳು ಬತ್ತುತ್ತಿವೆಯೆಂದು ಅಲ್ಲಿಯ ಹೋಪಿ ಮತ್ತು ನವಾಹೋ ಜನರು ವರ್ಷಗಟ್ಟಲೆ ಮೊರೆಯಿಟ್ಟರು. 2005ರ ಕೊನೆಗೆ ಆ ವಿದ್ಯುದಾಗಾರ ಮುಚ್ಚಲು, ಅದಕ್ಕೆ ಕಲ್ಲಿದ್ದಲೊದಗಿಸುತ್ತಿದ್ದ ಗಣಿಯೂ ನಿಂತಿತು. ಅದರ ರಾಜಧನವೂ ನಿಂತಿತು.

ಗಣಿಯೇ ಬೇಡವೆನ್ನುವುದು ಯುಕ್ತವಲ್ಲ. ರಸ್ತೆಗೆ ಖಡಿ ಬೇಕು, ಮನೆಗೆ ಕಲ್ಲು ಬೇಕು. ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ ಬಡವರಿಗೆ ಕೂಲಿಯೂ ಬೇಕು. ಆದರೆ ಲಾವಣಿಯ ಹಣವು ಒಬ್ಬನಿಗೆ ಸಲ್ಲುತ್ತದೆ, ನೀರಿನ ನಷ್ಟವು ಊರಿಗೆಲ್ಲ ತಗಲುತ್ತದೆ. ಆದುದರಿಂದ ಕರಾರನ್ನು ಊರ ಹಿರಿಯರ ಸಮಕ್ಷಮದಲ್ಲಿ ಓದಿಸತಕ್ಕದ್ದು. ಐದು ಹೆಕ್ಟೇರಿಗಿಂತ ಕಡಿಮೆಯಾದ ಗಣಿಗೂ ಪರಿಸರದ ಅನುಮತಿ ಅವಶ್ಯವೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ವಿಧಿಸಿದೆ. ಗಣಿ ಮುಗಿದ ನೆಲದಲ್ಲಿ ಮೇವಿಗಾಗಿ ಹುಲ್ಲು ಬೆಳೆಸುವುದನ್ನು ಗುತ್ತಿಗೆಯ ನಿಬಂಧನೆಯಲ್ಲಿ ಸೇರಿಸಬೇಕೆಂದು 2020ರಲ್ಲಿ ಆಜ್ಞಾಪಿಸಿದೆ. ಅನುಮತಿಪತ್ರದ ಪ್ರತಿಯನ್ನು ಕೇಳಿ ಪಡೆಯುವುದು ಭೂಮಾಲಿಕರ ಮೊದಲ ಕೆಲಸ. ಮೇಲ್ಮಣ್ಣನ್ನು ಬೇರೆ ರಾಶಿ ಹಾಕುವುದು, ಹಳ್ಳದ ಕಡೆಗೆ ಒಡ್ಡು ಕಟ್ಟುವುದು, ಧೂಳಿಗೆ ನೀರು ಸಿಂಪಡಿಸುವುದು, ಪಡುವಣ ಅಂಚಿಗೆ ಬೇವು ಹೊಂಗೆಗಳನ್ನು ನೆಡುವುದು, ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನು ಗಣಿ ಆರಂಭವಾಗುವ ಮೊದಲೇ ಅಳೆದು ಬರೆದಿಡುವುದು—ಇವೆಲ್ಲ ಕರಾರಿನಲ್ಲಿ ಇರಲೇಬೇಕು.

ಕಲ್ಲು ಗಾಡಿಯಲ್ಲಿ ಹೋಗಿಬಿಡುತ್ತದೆ. ಹೊಂಡವು ಊರಿನಲ್ಲಿ ಉಳಿಯುತ್ತದೆ. ಆ ಹೊಂಡವು ಮುಂದೆ ನೀರು ನಿಲ್ಲುವ ಕೆರೆಯಾಗಬೇಕೋ, ದನಕರುಗಳು ಬೀಳುವ ಪ್ರಪಾತವಾಗಬೇಕೋ ಎಂಬುದು ಸಹಿ ಹಾಕುವ ದಿನವೇ ನಿಶ್ಚಯವಾಗುತ್ತದೆ. ಊರಿನ ಪ್ರಮುಖರು ಆ ದಿನ ಜಾಗರೂಕರಾಗಿರತಕ್ಕದ್ದು.