ಊರ ಕನ್ನಡ ಶಾಲೆ ಹೇಗಿದೆ?

ಕಳೆದ ಬೇಸಿಗೆಯಲ್ಲಿ ನನ್ನ ಅಣ್ಣನ ಮಗಳು ಫೋನ್ ಮಾಡಿದ್ದಳು. ಅವಳನ್ನು ಮೂಡಲಗಿ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. ಮಗನಿಗೆ ಆರು ವರ್ಷ ತುಂಬುವುದರಲ್ಲಿತ್ತು. ‘ಕಾಕಾ, ನೀವು ಸರ್ಕಾರದಾಗ ಇದ್ದವ್ರು. ನಮ್ಮೂರ ಕನ್ನಡ ಸಾಲಿ ಚೊಲೋ ಐತೋ ಇಲ್ಲೋ, ಅಷ್ಟ ಹೇಳ್ರಿ. ಇಲ್ಲಂದ್ರ ಇವ್ರು ಹುಡುಗನ್ನ ವ್ಯಾನಿಗೆ ಹಚ್ಚತೀನಿ ಅಂತಾರ’ ಎಂದಳು.

ಮೂವತ್ತು ವರ್ಷಗಳಿಗೂ ಮಿಕ್ಕಿ ಸರ್ಕಾರಿ ಸೇವೆಯಲ್ಲಿದ್ದವನು ನಾನು. ಕೆಡಿಪಿ ಸಭೆಗಳಲ್ಲಿ ಶಿಕ್ಷಣ ಇಲಾಖೆಯ ಪ್ರಗತಿಯನ್ನು ಅದೆಷ್ಟು ಬಾರಿ ಪರಿಶೀಲಿಸಿದ್ದೇನೋ ಲೆಕ್ಕವಿಲ್ಲ. ಆ ಶಾಲೆಯಲ್ಲಿ ಎಷ್ಟು ಕೊಠಡಿಗಳಿವೆ, ಶೌಚಾಲಯವಿದೆಯೇ, ದಾಖಲಾತಿ ಎಷ್ಟು, ಬಿಸಿಯೂಟದ ಅಕ್ಕಿ ಎಷ್ಟು ಎತ್ತುವಳಿಯಾಗಿದೆ ಎಂಬುದನ್ನೆಲ್ಲ ಅರ್ಧ ಗಂಟೆಯಲ್ಲಿ ತರಿಸಿಕೊಂಡು ಹೇಳಬಲ್ಲವನಾಗಿದ್ದೆ. ಆದರೆ ಅವಳು ಕೇಳಿದ ಪ್ರಶ್ನೆ ಇದಾವುದೂ ಆಗಿರಲಿಲ್ಲ. ಮಗ ಅಲ್ಲಿ ಓದುಬರಹ ಕಲಿಯುತ್ತಾನೋ ಇಲ್ಲವೋ ಎಂಬುದಷ್ಟೇ ಅವಳಿಗೆ ಬೇಕಾಗಿತ್ತು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಕೊಳ್ಳುವವನಿಗೆ ಸರಕಿನ ಗುಣ ತಿಳಿಯದಿದ್ದಾಗ ಮಾರುಕಟ್ಟೆ ಹೇಗೆ ದಾರಿ ತಪ್ಪುತ್ತದೆ ಎಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. ಮುಂದೆ 2001ರಲ್ಲಿ ಅವರಿಗೆ ನೊಬೆಲ್ ಬಂದಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಇದನ್ನು ಪರೀಕ್ಷೆಗಾಗಿ ಓದಿದ್ದೆ. ಅದರ ಅರ್ಥ ತಿಳಿದದ್ದು ಗೋಕಾಕದ ಬಸ್ ನಿಲ್ದಾಣದ ಎದುರು ಬೆಳಿಗ್ಗೆ ಎಂಟು ಗಂಟೆಗೆ ಸಾಲುಗಟ್ಟಿ ಹೋಗುವ ಹಳದಿ ವ್ಯಾನುಗಳನ್ನು ನೋಡಿದಾಗ. ಒಳಗಿನ ಕಲಿಕೆ ಕಾಣದ ತಂದೆತಾಯಿ ಹೊರಗೆ ಕಾಣುವುದನ್ನು ನೋಡಿ ನಿರ್ಧರಿಸುತ್ತಾರೆ. ಟೈ, ಬೂಟು, ವ್ಯಾನು ಮತ್ತು ‘ಇಂಗ್ಲಿಷ್ ಮೀಡಿಯಂ’ ಎಂಬ ಫಲಕ, ಇವಿಷ್ಟು ಕಣ್ಣಿಗೆ ಬೀಳುತ್ತವೆ. ಅವರನ್ನು ಮೂಢರೆನ್ನಲು ನನಗೆ ಅಧಿಕಾರವಿಲ್ಲ. ನನ್ನ ಇಬ್ಬರು ಮಕ್ಕಳೂ ಖಾಸಗಿ ಶಾಲೆಯಲ್ಲೇ ಓದಿದವರು, ಮತ್ತು ನಾನು ಆ ಶಾಲೆಯನ್ನು ಆರಿಸಿದ್ದು ಇದಕ್ಕಿಂತ ಹೆಚ್ಚಿನ ವಿಚಾರ ಮಾಡಿ ಅಲ್ಲ.

ಸರ್ಕಾರದ ಬಳಿ ಅಳತೆಗೋಲುಗಳಿಗೆ ಕೊರತೆಯಿಲ್ಲ. ರಾಷ್ಟ್ರೀಯ ಸಾಧನಾ ಸಮೀಕ್ಷೆ 2017ರಲ್ಲಿ, 2021ರಲ್ಲಿ ನಡೆಯಿತು. 2024ರ ಡಿಸೆಂಬರ್‌ನಲ್ಲಿ ‘ಪರಖ್’ ಹೆಸರಿನಲ್ಲಿ ಮತ್ತೆ ನಡೆಯಿತು. ‘ಪ್ರಥಮ್’ ಸಂಸ್ಥೆಯ ‘ಅಸರ್’ ಸಮೀಕ್ಷೆ 2005ರಿಂದ ಇದೆ. ಇವು ಉಪಯುಕ್ತವೇ. ಆದರೆ ‘ಅಸರ್’ ಒಂದು ಜಿಲ್ಲೆಯಲ್ಲಿ 30 ಹಳ್ಳಿಗಳನ್ನು, ಪ್ರತಿ ಹಳ್ಳಿಯಲ್ಲಿ 20 ಮನೆಗಳನ್ನು ಆರಿಸಿಕೊಳ್ಳುತ್ತದೆ. ಜಿಲ್ಲೆಯ ನಾಡಿ ಹಿಡಿಯಲು ಅದು ಸಾಕು. ಒಂದು ಹಳ್ಳಿಯ ಒಂದು ಶಾಲೆಯ ಬಗ್ಗೆ ಅದು ಏನನ್ನೂ ಹೇಳಲಾರದು, ಹೇಳುತ್ತೇನೆಂದು ಅದು ಹೇಳಿಕೊಂಡೂ ಇಲ್ಲ. ಕೇಂದ್ರವು 2015ರಲ್ಲಿ ತಂದ ‘ಶಾಲಾ ಸಿದ್ಧಿ’ಯಲ್ಲಿ ಶಾಲೆ ತನಗೆ ತಾನೇ ಅಂಕ ಕೊಟ್ಟುಕೊಳ್ಳಬೇಕು. ತನ್ನ ಮೊಸರು ಹುಳಿ ಎಂದು ಯಾರು ಬರೆದಾರು?

ಇನ್ನುಳಿದದ್ದು ಪರೀಕ್ಷೆ. ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ತರಲು ನಮ್ಮಲ್ಲಿ 2022ರಿಂದ ನಡೆದ ಪ್ರಯತ್ನ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಫಲಿತಾಂಶ ಪ್ರಕಟಣೆಗೆ ಸುಪ್ರೀಂ ಕೋರ್ಟ್ ತಡೆ ನೀಡಿತು. ಪರೀಕ್ಷೆಯ ಫಲಿತಾಂಶವೇ ಶಾಲೆಯ ಗುಣಮಟ್ಟ ಎನ್ನುವವರು ಎಸ್ಸೆಸ್ಸೆಲ್ಸಿಯ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದಿತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಶಿಕ್ಷಕರು ಪಾಠ ಮರೆತರೆ? ಮಕ್ಕಳು ದಡ್ಡರಾದರೆ? ಬದಲಾದದ್ದು ಕೊಠಡಿಯ ಮೂಲೆಯಲ್ಲಿದ್ದ ಒಂದು ಕಣ್ಣು ಮಾತ್ರ.

ಒಂದು ಅಳತೆಯನ್ನು ಗುರಿಯನ್ನಾಗಿ ಮಾಡಿದೊಡನೆ ಅದು ಅಳತೆಯಾಗಿ ಉಳಿಯುವುದಿಲ್ಲ ಎಂಬ ಮಾತಿಗೆ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿದೆ. ಅವರು 1975ರಲ್ಲಿ ಅದನ್ನು ಹೇಳಿದ್ದು ಹಣದ ಹರಿವಿನ ಬಗ್ಗೆ. ಆದರೆ ಶಾಲೆಗಳಲ್ಲಿ ಈ ಪಾಠ ಅದಕ್ಕೂ ನೂರು ವರ್ಷ ಹಳೆಯದು. ಇಂಗ್ಲೆಂಡಿನಲ್ಲಿ 1862ರ ಸಂಹಿತೆಯು ಇನ್ಸ್‌ಪೆಕ್ಟರು ಬಂದ ದಿನ ಎಷ್ಟು ಮಕ್ಕಳು ಓದು, ಬರಹ, ಲೆಕ್ಕಗಳಲ್ಲಿ ತೇರ್ಗಡೆಯಾಗುತ್ತಾರೋ ಅದಕ್ಕೆ ತಕ್ಕಂತೆ ಅನುದಾನ ಎಂದು ವಿಧಿಸಿತು. ಮುಂಬಯಿ ಪ್ರಾಂತವೂ ತನ್ನ ಅನುದಾನಿತ ಶಾಲೆಗಳಿಗೆ ಇದೇ ಪದ್ಧತಿಯನ್ನು ತಂದಿತು. ಬೆಳಗಾವಿ ಸೀಮೆ ಆಗ ಆ ಪ್ರಾಂತದಲ್ಲಿತ್ತು. ಪರಿಣಾಮ ಎಲ್ಲೆಡೆ ಒಂದೇ: ಕಂಠಪಾಠ. ಇಂಗ್ಲೆಂಡಿನಲ್ಲಿ ಇದನ್ನು ಬಲವಾಗಿ ವಿರೋಧಿಸಿದವರಲ್ಲಿ ಕವಿ ಮ್ಯಾಥ್ಯೂ ಆರ್ನಾಲ್ಡ್ ಒಬ್ಬರು. ಅವರು ಸ್ವತಃ ಶಾಲಾ ಇನ್ಸ್‌ಪೆಕ್ಟರಾಗಿದ್ದರು ಎಂಬುದನ್ನು ಗಮನಿಸಬೇಕು.

ಇಷ್ಟೆಲ್ಲ ತಿಳಿದಿದ್ದೂ ನಾನು ಮಾಡಿದ ತಪ್ಪನ್ನು ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾದೀತು. ಸೇವೆಯಲ್ಲಿದ್ದಾಗ ಒಂದು ಜಿಲ್ಲೆಯಲ್ಲಿ ಶಾಲೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ ಪಟ್ಟಿಗೆ ಸಹಿ ಹಾಕಿದ್ದೆ. ಕಾಂಪೌಂಡು, ಹಾಜರಾತಿ, ದಾಖಲೆಗಳ ನಿರ್ವಹಣೆ ಇವೇ ಮಾನದಂಡ. ‘ಸಿ’ ಪಡೆದ ಒಂದು ಶಾಲೆಯ ಮುಖ್ಯ ಶಿಕ್ಷಕರು ಸಭೆ ಮುಗಿದ ಮೇಲೆ ಬಾಗಿಲ ಬಳಿ ನಿಂತು, ‘ಸಾಹೇಬ್ರ, ಒಮ್ಮೆ ಬಂದು ಹುಡುಗ್ರನ್ನ ಓದಿಸಿ ನೋಡ್ರಿ’ ಎಂದರು. ಬರುತ್ತೇನೆಂದೆ. ಹೋಗಲಿಲ್ಲ. ಆರು ತಿಂಗಳಲ್ಲಿ ನನಗೆ ವರ್ಗವಾಯಿತು. ಆ ಶಾಲೆ ಹೇಗಿತ್ತೆಂಬುದು ನನಗೆ ಇಂದಿಗೂ ತಿಳಿಯದು.

ಅಣ್ಣನ ಮಗಳ ಫೋನು ಬಂದ ಮೇಲೆ, ಶಾಲೆ ಆರಂಭವಾದೊಡನೆ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕೆಲವು ಪ್ರಾಥಮಿಕ ಶಾಲೆಗಳಿಗೆ ಹೋಗಿ ಕುಳಿತೆ. ಮೂರೂ ತಾಲ್ಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ನಿವೃತ್ತ ಅಧಿಕಾರಿಗೆ ಕುರ್ಚಿ ಕೊಡುತ್ತಾರೆ, ಚಹಾ ತರಿಸುತ್ತಾರೆ, ಹೆದರುವುದಿಲ್ಲ. ಇದು ತಪಾಸಣೆಗೆ ಅತ್ಯಂತ ಯೋಗ್ಯವಾದ ಸ್ಥಿತಿ. ಶಾಲೆಗಳ ಹೆಸರು ಬೇಡ. ಅವಕ್ಕೆ ಶ್ರೇಣಿ ಕೊಡುವುದು ಮತ್ತೆ ನನ್ನ ಕೈಯಿಂದ ಆಗಬಾರದು.

ಮೊದಲ ಶಾಲೆಯ ಗೇಟಿಗೆ ಹೊಸ ಬಣ್ಣ, ಗೋಡೆಗೆ ರೈಲುಗಾಡಿಯ ಚಿತ್ರ, ಒಳಗೆ ಬಟ್ಟೆ ಹೊದಿಸಿಟ್ಟ ದೊಡ್ಡ ಟಿ.ವಿ. ಮೂರನೇ ತರಗತಿಯ ಮಕ್ಕಳು ಒಂದೇ ದನಿಯಲ್ಲಿ ಪಾಠವೊಂದನ್ನು ಗಡಗಡ ಓದಿದರು. ಹಿಂದೆ ಕುಳಿತಿದ್ದ ಹುಡುಗಿಯನ್ನು ಕರೆದು ಅದೇ ಪುಸ್ತಕದಲ್ಲಿ ಇನ್ನೂ ಕಲಿಸದ ಪುಟವನ್ನು ತೆರೆದುಕೊಟ್ಟೆ. ಅವಳು ನನ್ನ ಮುಖ ನೋಡಿದಳು, ಶಿಕ್ಷಕರ ಮುಖ ನೋಡಿದಳು, ಬಳಿಕ ನೆಲ ನೋಡಿದಳು. ಹತ್ತು ಮಕ್ಕಳಲ್ಲಿ ಇಬ್ಬರು ಓದಿದರು.

ಹುಕ್ಕೇರಿ ತಾಲ್ಲೂಕಿನ ಶಾಲೆಯೊಂದರ ಹಂಚಿನ ಮಾಡು ಎರಡು ಕಡೆ ಸೋರುತ್ತಿತ್ತು. ಐದು ತರಗತಿಗೆ ಇಬ್ಬರು ಶಿಕ್ಷಕರು. ಇದು ಕಾನೂನಿನ ಉಲ್ಲಂಘನೆಯೂ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರೇ. ಅಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನಲಿ-ಕಲಿಯ ಕಾರ್ಡುಗಳು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹರಡಿದ ಆ ಪದ್ಧತಿಯ ಕಾರ್ಡುಗಳನ್ನು ಅನೇಕ ಕಡೆ ಕಟ್ಟು ಬಿಚ್ಚದೆ ಕಪಾಟಿನಲ್ಲಿಟ್ಟಿರುವುದನ್ನು ಕಂಡಿದ್ದೇನೆ. ಇಲ್ಲಿ ಅವುಗಳ ಮೂಲೆಗಳು ಸವೆದು ದುಂಡಗಾಗಿದ್ದವು. ಗೋಡೆಯ ಬುಡದಲ್ಲಿ ಮಕ್ಕಳ ಎತ್ತರಕ್ಕೆ ಬಳಿದ ಕಪ್ಪು ಪಟ್ಟಿಯ ಮೇಲೆ ಅಂದಿನ ಸುಣ್ಣದ ಕಡ್ಡಿಯ ಬರಹವಿತ್ತು.

ಒಬ್ಬ ಹುಡುಗಿಗೆ ಹೊಸ ಪುಟ ಕೊಟ್ಟೆ. ‘ಶಾಲೆಗೆ ಹೋದಳು’ ಎಂದಿದ್ದುದನ್ನು ಅವಳು ‘ಸಾಲಿಗಿ ಹೋದ್ಲು’ ಎಂದು ಓದಿದಳು. ನನ್ನೊಡನೆ ಬಂದಿದ್ದ ಮಿತ್ರರು ‘ತಪ್ಪು’ ಎಂದರು. ತಪ್ಪಲ್ಲ. ಅಕ್ಷರಗಳನ್ನಷ್ಟೇ ಜೋಡಿಸುವ ಮಗು ‘ಶಾ-ಲೆ-ಗೆ’ ಎನ್ನುತ್ತದೆ. ಅರ್ಥ ಹಿಡಿದ ಮಗು ಅದನ್ನು ತನ್ನ ಮನೆಯ ಮಾತಿಗೆ ತಿರುಗಿಸಿ ಓದುತ್ತದೆ. ಮುಂದೆ ‘ಸೂರ್ಯ’ ಬಂದಾಗ ಅವಳು ತಡವರಿಸಿದಳು. ಶಿಕ್ಷಕಿ ನಕ್ಕು, ‘ಅರ್ಕಾವೊತ್ತಿನಾಗ ಇನ್ನೂ ಎಡವತಾಳ್ರಿ, ದೀಪಾವಳಿಗೆ ದಾಟತಾಳ’ ಎಂದರು. ಬಳಿಕ ಒಂದು ಸಾದಾ ನೋಟ್‌ಬುಕ್ ತೋರಿಸಿದರು. ಯಾವ ಮಗು ಯಾವ ದಿನ ಕಾಗುಣಿತ ದಾಟಿತು, ಯಾವ ದಿನ ಒತ್ತಕ್ಷರಕ್ಕೆ ಬಂತು ಎಂದು ಹೆಸರಿನ ಮುಂದೆ ತಾರೀಖು ಬರೆದಿದ್ದರು. ಇಲಾಖೆ ಕೇಳಿದ ದಾಖಲೆ ಅದಲ್ಲ. ಕೇಳಿದ ದಾಖಲೆಗಳು ಆ ಶಾಲೆಯಲ್ಲಿ ಅಷ್ಟೇನೂ ಚೆನ್ನಾಗಿರಲಿಲ್ಲ. ನನ್ನ ಹಳೆಯ ಪಟ್ಟಿಯಲ್ಲಾಗಿದ್ದರೆ ಅದಕ್ಕೆ ‘ಸಿ’ಯೇ ಗತಿ.

ಓದಬಲ್ಲ ಮಕ್ಕಳ ಸಂಖ್ಯೆಯನ್ನು ಎಣಿಸಿ ಶಾಲೆಗಳನ್ನು ಹೋಲಿಸಿದರೂ ಅನ್ಯಾಯವೇ ಆಗುತ್ತದೆ ಎಂಬುದು ಮೂಡಲಗಿ ಕಡೆಯ ಒಂದು ಶಾಲೆಯಲ್ಲಿ ಅರಿವಾಯಿತು. ಈ ಸೀಮೆ ಕಬ್ಬಿನ ಸೀಮೆ. ಕಾರ್ಖಾನೆಗಳು ಕಬ್ಬು ಅರೆಯತೊಡಗಿದೊಡನೆ ಕಡಿಯುವ ಗ್ಯಾಂಗುಗಳು ಬೇರೆ ಕಡೆಗಳಿಂದ ಬರುತ್ತವೆ. ಜೊತೆಗೆ ಮಕ್ಕಳೂ ಬರುತ್ತಾರೆ. ಅವರನ್ನು ಹೊಲದ ಬದುವಿನಲ್ಲೇ ಬಿಟ್ಟ ಶಾಲೆಯ ಸರಾಸರಿ ಹಾಗೇ ಉಳಿಯುತ್ತದೆ. ಕರೆದು ಕೂರಿಸಿಕೊಂಡ ಶಾಲೆಯ ಸರಾಸರಿ ಬೀಳುತ್ತದೆ. ಮಕ್ಕಳ ಕಲಿಕೆಯ ವ್ಯತ್ಯಾಸದಲ್ಲಿ ಶಾಲೆಗಿಂತ ಮನೆಯ ಪಾಲೇ ದೊಡ್ಡದೆಂದು ಅಮೆರಿಕದ ಕೋಲ್ಮನ್ ವರದಿ 1966ರಲ್ಲೇ ತೋರಿಸಿತ್ತು. ಹೀಗಿರುವಾಗ ಶಾಲೆಯ ಲೆಕ್ಕಕ್ಕೆ ಹಿಡಿಯಬೇಕಾದ್ದು ಮಗು ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂಬ ದೂರವನ್ನು.

ಆ ದೂರದಲ್ಲಿ ಅಡೆತಡೆಗಳೂ ಸೇರುತ್ತವೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ನಗರಕ್ಕೂ ನದಿದಂಡೆಯ ಹಳ್ಳಿಗಳಿಗೂ ನೀರು ನುಗ್ಗಿತು. ಆ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದ್ದ ಮಗುವಿಗೆ ಎರಡೇ ತಿಂಗಳಲ್ಲಿ ಶಾಲೆ ತಪ್ಪಿತು. ಮಾರ್ಚ್ 2020ರಲ್ಲಿ ಕೋವಿಡ್ ಬಂತು. ಅದು ಮತ್ತೆ ತರಗತಿಯಲ್ಲಿ ಕುಳಿತದ್ದು 2021ರ ಅಕ್ಟೋಬರ್ 25ರ ನಂತರ, ಮೂರನೇ ತರಗತಿಯಲ್ಲಿ. ಆ ಮಗುವನ್ನು ಏಳನೇ ತರಗತಿಯ ಹೊತ್ತಿಗೆ ಭಾಗಾಕಾರಕ್ಕೆ ತಂದ ಶಿಕ್ಷಕರಿಗೆ ಯಾವ ಪಟ್ಟಿಯಲ್ಲಿ ಅಂಕವಿದೆ?

ಒಂದೇ ಪದದಲ್ಲಿ ಶಾಲೆಗೆ ತೀರ್ಪು ಕೊಡುವ ಆಸೆಗೆ ಇಂಗ್ಲೆಂಡ್ ತೆತ್ತ ಬೆಲೆ ನೆನಪಿಗೆ ಬರುತ್ತದೆ. ಅಲ್ಲಿನ ತಪಾಸಣಾ ಸಂಸ್ಥೆ ‘ಆಫ್‌ಸ್ಟೆಡ್’ ಶಾಲೆಗಳಿಗೆ ‘ಅತ್ಯುತ್ತಮ’ದಿಂದ ‘ಅಸಮರ್ಪಕ’ದವರೆಗೆ ಒಂದು ಪದದ ದರ್ಜೆ ಕೊಡುತ್ತಿತ್ತು. ದರ್ಜೆ ಇಳಿದ ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ರೂತ್ ಪೆರಿ 2023ರ ಜನವರಿಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅದಕ್ಕೆ ತಪಾಸಣೆಯೂ ಕಾರಣವಾಯಿತೆಂದು ವಿಚಾರಣೆ ಹೇಳಿತು. 2024ರ ಸೆಪ್ಟೆಂಬರ್‌ನಲ್ಲಿ ಆ ಒಂದು ಪದದ ಒಟ್ಟಾರೆ ದರ್ಜೆಯನ್ನು ಸರ್ಕಾರಿ ಶಾಲೆಗಳ ಮಟ್ಟಿಗೆ ಕೈಬಿಡಲಾಯಿತು.

ಹಾಗಾದರೆ ಅಳೆಯುವುದೇ ಬೇಡವೇ? ಬೇಡವೆನ್ನುವವರು ಆ ಮೊದಲ ಶಾಲೆಯ ಹುಡುಗಿಯ ಎದುರು ನಿಂತು ಹೇಳಲಿ. ಅಳತೆ ಬೇಕು, ಅದು ಬೆಂಗಳೂರಿಗೆ ಹೋಗುವ ಬದಲು ಊರಿನಲ್ಲೇ ಉಳಿಯಬೇಕು. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಇದೆ. ವರ್ಷಕ್ಕೆರಡು ಬಾರಿ, ಜುಲೈ ಮತ್ತು ಫೆಬ್ರುವರಿಯಲ್ಲಿ, ಆ ಸಮಿತಿಯ ಮುಂದೆ ಮೂರನೇ ತರಗತಿಯ ಪ್ರತಿ ಮಗುವೂ ತಾನು ಹಿಂದೆ ಕಾಣದ ಒಂದು ಪುಟವನ್ನು ಓದಲಿ. ಐದನೇ ತರಗತಿಯ ಮಗು ಅಂಗಡಿಯ ಒಂದು ಲೆಕ್ಕ ಮಾಡಲಿ. ಸಂಖ್ಯೆಯನ್ನು ಶಾಲೆಯ ಪುಸ್ತಕದಲ್ಲಿ ಬರೆದಿಡಲಿ. ಹೋಲಿಕೆ ಅದೇ ಶಾಲೆಯ ಕಳೆದ ವರ್ಷದೊಂದಿಗೆ ಮಾತ್ರ ಇರಲಿ. ಬಡ್ತಿಗೆ, ವರ್ಗಾವಣೆಗೆ, ಪ್ರಶಸ್ತಿಗೆ ಅದನ್ನು ತಳಕು ಹಾಕಿದ ದಿನವೇ ಅದು ಸುಳ್ಳಾಗುತ್ತದೆ.

ಇದು ಇನ್ನೊಂದು ಹೊರೆ ಎಂದು ಶಿಕ್ಷಕ ಮಿತ್ರರು ಹೇಳಿಯಾರು. ಅವರ ಸಿಟ್ಟು ನ್ಯಾಯವಾದದ್ದೇ. 2025ರಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಹಿಗ್ಗಿಸಿ ಅವರನ್ನು ಮನೆಮನೆಗೆ ಅಟ್ಟಲಾಯಿತು. ಮತದಾರರ ಪಟ್ಟಿ, ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ ಇದ್ದೇ ಇವೆ. ಆದ್ದರಿಂದ ಆ ಪುಸ್ತಕದ ಎದುರು ಪುಟದಲ್ಲಿ ಸರ್ಕಾರದ ಲೆಕ್ಕವನ್ನೂ ಬರೆಯಬೇಕು: ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದೆಷ್ಟು, ಶಿಕ್ಷಕರನ್ನು ಬೇರೆ ಕೆಲಸಕ್ಕೆ ಎಳೆದ ದಿನಗಳೆಷ್ಟು. ಸಂಖ್ಯೆ ಕುಸಿದಾಗ ಮೊದಲ ಪ್ರಶ್ನೆ ತಾಲ್ಲೂಕಿನ ಕಚೇರಿಗೆ ಹೋಗಲಿ.

ಅಣ್ಣನ ಮಗಳಿಗೆ ನಾನು ಹೇಳಿದ್ದು ಇಷ್ಟೇ: ‘ತಂಗಿ, ಒಂದು ಶನಿವಾರ ಮುಂಜಾನೆ ಸಾಲಿಗೆ ಹೋಗಿ ಮೂರನೇ ಇಯತ್ತೆಯಲ್ಲಿ ಕೂಡ್ರು.’ ಮಗನನ್ನು ಅಲ್ಲಿಗೇ ಸೇರಿಸಿದ್ದಾಳೆ, ಆದರೆ ಗಂಡನಿಗೆ ಇನ್ನೂ ಒಪ್ಪಿಗೆಯಿಲ್ಲ. ‘ಹದಿನಾಲ್ಕು ಹುಡುಗ್ರು ಅದಾರ್ರಿ ಕಾಕಾ. ಒಂಬತ್ತು ಮಂದಿ ಓದಿದ್ರು. ಉಳಿದ ಐದೂ ಮಂದಿ ಯಾಕ ಓದಲಿಲ್ಲಂತ ಟೀಚರ್ ಒಬ್ಬೊಬ್ಬರದೂ ಹೇಳಿದ್ರು’ ಎಂದಳು. ಆ ಶಿಕ್ಷಕಿಗೆ ಬರುವ ಮೇ ತಿಂಗಳಲ್ಲಿ ವರ್ಗಾವಣೆಯಾಗುವ ಸಂಭವವಿದೆಯಂತೆ. ತಡೆಯಲು ಯಾರಿಗೆ ಅರ್ಜಿ ಕೊಡಬೇಕೆಂದು ಈಗ ಕೇಳುತ್ತಿದ್ದಾಳೆ.