ಬಚ್ಚಲ ಜಾಲರಿಯ ಕೂದಲು

ಹೋದ ಭಾನುವಾರ ಮೊಮ್ಮಗಳು ಬಚ್ಚಲಿಂದ ಅಳುತ್ತಾ ಬಂದಳು. ಅಂಗೈಯಲ್ಲಿ ಜಾಲರಿಗೆ ಸಿಕ್ಕಿದ್ದ ಕೂದಲು.

“ಅಜ್ಜೀ, ಶಾಂಪೂವಿನ ಸಲ್ಫೇಟ್‌ನಿಂದಲೇ ಉದುರುತ್ತಿದೆ. ಇನ್ನು ನಾನು ತಲೆಗೆ ನೀರೇ ಹಾಕಿಕೊಳ್ಳಲ್ಲ!”

ತಪ್ಪು ನನ್ನದೇ. “ಸೀಗೆಕಾಯಿ ಬಿಟ್ಟಿರಲ್ಲ, ಅದಕ್ಕೇ” ಎಂದು ದಿನವೂ ಗೊಣಗುತ್ತಿದ್ದವಳು ನಾನು.

ಇಬ್ಬರೂ ಕೂತು ಎಣಿಸಿದೆವು. 64!

ಮಕ್ಕಳೇ, ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಪ್ರತಿ ಕೂದಲೂ ಕೆಲವು ವರ್ಷ ಬೆಳೆದು, ಎರಡು ಮೂರು ತಿಂಗಳು ಸುಮ್ಮನಿದ್ದು, ಕಳಚಿಕೊಳ್ಳುತ್ತದೆ. ಸಲ್ಫೇಟ್ ನೊರೆ ಎಬ್ಬಿಸಿ ಜಿಡ್ಡು ತೆಗೆಯುತ್ತದೆ; ಸೀಗೆಯಲ್ಲಿರುವ ಸಪೋನಿನ್ ಮಾಡುವುದೂ ಅದನ್ನೇ. ಅತಿಯಾದರೆ ಕೂದಲು ಒರಟಾದೀತು, ನೆತ್ತಿ ಒಣಗೀತು. ಆದರೆ ಅದು ಚರ್ಮದೊಳಗಿನ ಬುಡವನ್ನು ಕೀಳುವುದಿಲ್ಲ. ಮೊದಲೇ ಕಳಚಿದ್ದ ಕೂದಲು ತಿಕ್ಕುವಾಗ ಒಟ್ಟಿಗೆ ಬರುತ್ತದೆ, ಅಷ್ಟೆ. ನಾಲ್ಕು ದಿನ ಬಿಟ್ಟು ಮಿಂದರೆ ಇನ್ನೂ ಹೆಚ್ಚು ಕಾಣುತ್ತದೆ.

ಜೋರು ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ, ಕಬ್ಬಿಣಾಂಶ ಕಡಿಮೆಯಾದಾಗ ಹೆಚ್ಚು ಉದುರಬಹುದು. ಅಲ್ಲಲ್ಲಿ ಬೋಳಾದರೆ ವೈದ್ಯರಿಗೆ ತೋರಿಸಬೇಕು.

ಸಂಜೆ ಅವಳು ನನ್ನ ತಲೆ ಬಾಚಿ, “ಅಜ್ಜೀ, ನಿನ್ನದು ಹನ್ನೊಂದೇ!” ಎಂದಳು.

“ಇರುವುದೇ ಇಷ್ಟು ಕಣೇ, ಕಂದಾ!”